ಹಿತ್ತಲ ಬಚ್ಚಲಿನಲ್ಲಿ ಪೌಡರ್ ಕೋಟಿಂಗ್

ನಮ್ಮ ಅಡುಗೆಮನೆಯಲ್ಲಿದ್ದ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್ನು, ಈಗ ಹಿತ್ತಲಿನ ಹಳೇ ಬಚ್ಚಲುಮನೆಯಲ್ಲಿದೆ. ಅದರ ಬಾಗಿಲ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ‘ಅಡುಗೆಗಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಅದರಲ್ಲಿ ಕೊನೆಯ ಸಲ ಬೆಂದ ತಿಂಡಿ ರವೆ ಕೇಕು. ಆಮೇಲೆ ಬೆಂದದ್ದೆಲ್ಲ ಅಪ್ಪನ ಯೆಜ್ಡಿ ಬೈಕಿನ ಚೈನ್ ಕವರು, ಟೂಲ್ ಬಾಕ್ಸಿನ ಮುಚ್ಚಳ, ನಂಬರ್ ಪ್ಲೇಟು, ಸೈಡ್ ಸ್ಟ್ಯಾಂಡು.

ಮೈಸೂರಿನವರಿಗೆ ಯೆಜ್ಡಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ತಯಾರಿಸುತ್ತಿದ್ದ ಯಾದವಗಿರಿ ಕಡೆಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಹೋಯಿತು, ಗಾಡಿ ಉಳಿಯಿತು. ಅದೂ ಹದಿನೈದು ವರ್ಷ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಅಪ್ಪನಿಗೆ ಈಗ 84. ‘ಒಂದ್ಸಲ ಸ್ಟಾರ್ಟ್ ಆಗ್ಲಿ ನೋಡೋಣ’ ಅಂದರು. ಇಂಜಿನ್ನು ಮೆಕ್ಯಾನಿಕ್ ಪಾಲಿಗೆ ಹೋಯಿತು, ಸಣ್ಣಪುಟ್ಟ ತಗಡು ಕಬ್ಬಿಣದ ಭಾಗಗಳು ನನ್ನ ಪಾಲಿಗೆ ಬಂದವು. ಅವಕ್ಕೆ ಪೌಡರ್ ಕೋಟಿಂಗ್, ಅಂದರೆ ಒಣ ಬಣ್ಣದ ಪುಡಿ ಊದಿ ಓವನ್ನಿನಲ್ಲಿ ಬೇಯಿಸಿ ಕೂರಿಸುವ ಬಣ್ಣ, ಮಾಡಿಕೊಡ್ತೀರಾ ಎಂದು ಕೈಗಾರಿಕಾ ಪ್ರದೇಶದ ಅಂಗಡಿಯೊಂದರಲ್ಲಿ ಕೇಳಿದೆ. ಅವರು ಗ್ರಿಲ್ಲು, ಗೇಟುಗಳನ್ನು ರಾಶಿಗಟ್ಟಲೆ ಮಾಡುವವರು. ‘ಇಷ್ಟಕ್ಕೆಲ್ಲ ಓವನ್ ಹಚ್ಚೋಕಾಗಲ್ಲ ಮೇಡಂ, ಕಪ್ಪು ಲಾಟ್ ಬಂದಾಗ ಫೋನ್ ಮಾಡ್ತೀವಿ’ ಅಂದರು. ಫೋನು ಬರಲಿಲ್ಲ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಸ್ಥಾಯಿ ವಿದ್ಯುತ್ತು ಹೇಳಿಕೊಟ್ಟವಳು, ನಾನೇ ಯಾಕೆ ಮಾಡಬಾರದು ಅನ್ನಿಸಿತು.

ಇದು ನಿಜಕ್ಕೂ ಸ್ಥಾಯಿ ವಿದ್ಯುತ್ತಿನ ಪಾಠವೇ. ಪುಡಿ ಅಂದರೆ ಬಣ್ಣ ಬೆರೆಸಿ ನುಣ್ಣಗೆ ಅರೆದ ರಾಳ. ಅದರಲ್ಲಿ ಥಿನ್ನರ್ ಇಲ್ಲ, ನೀರಿಲ್ಲ. ಪುಡಿ ಊದುವ ಗನ್ನಿನ ತುದಿಯಲ್ಲಿ ಅದಕ್ಕೆ ಋಣ ಆವೇಶ (ನೆಗೆಟಿವ್ ಚಾರ್ಜ್) ಸಿಗುತ್ತದೆ. ಅರ್ತ್ ಮಾಡಿದ ಲೋಹ ಅದನ್ನು ಎಳೆದುಕೊಳ್ಳುತ್ತದೆ. ಪುಡಿ ವಿದ್ಯುತ್ ನಿರೋಧಕವಾದ್ದರಿಂದ ಆವೇಶ ಬೇಗ ಹರಿದು ಹೋಗುವುದಿಲ್ಲ, ಅಂಟಿಕೊಂಡೇ ಇರುತ್ತದೆ. ಹಾಗೇ ಒಲೆಯಲ್ಲಿಟ್ಟರೆ ಕರಗಿ, ಹರಡಿ, ಗಟ್ಟಿಯಾಗುತ್ತದೆ. ಬೆಲ್ಲ ಕರಗಿ ಗಟ್ಟಿಯಾದ ಹಾಗಲ್ಲ ಇದು, ಬೆಲ್ಲವನ್ನು ಮತ್ತೆ ಕರಗಿಸಬಹುದು. ಇಡ್ಲಿ ಹಿಟ್ಟು ಬೆಂದ ಹಾಗೆ: ಒಮ್ಮೆ ಇಡ್ಲಿಯಾದ ಮೇಲೆ ಮತ್ತೆ ಹಿಟ್ಟಾಗುವುದಿಲ್ಲ.

ಏನೇನು ಬೇಕು

ಮನೆ ಬಳಕೆಯ ಸಣ್ಣ ಪೌಡರ್ ಕೋಟಿಂಗ್ ಗನ್ನು ಆನ್‌ಲೈನಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ 15ರಿಂದ 25 ಸಾವಿರ ವೋಲ್ಟಿನದು. ಕಾರ್ಖಾನೆಯವು 100 ಸಾವಿರದವರೆಗೂ ಹೋಗುತ್ತವೆ, ನಮಗೆ ಅಷ್ಟು ಬೇಡ. ವೋಲ್ಟ್ ಹೆಚ್ಚಿದ್ದರೂ ಹರಿಯುವ ಕರೆಂಟು ತೀರಾ ಕಡಿಮೆ, ಮೈಕ್ರೋ ಆಂಪಿಯರ್ ಲೆಕ್ಕ. ಆದರೂ ಚುರುಕ್ಕೆನ್ನುವುದು ಖಂಡಿತ. ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಸುಳಿಯಬಾರದು. ಅಪ್ಪನಿಗೆ ಪೇಸ್‌ಮೇಕರ್ ಇದೆ. ಅದಕ್ಕೇ ನನ್ನ ಕೆಲಸ ನಡೆಯುವಾಗ ಅವರ ಜಾಗ ಮುಂಬಾಗಿಲ ಜಗಲಿ. ಅಲ್ಲಿಂದಲೇ ಕೂಗಿ ಸಲಹೆ ಕೊಡುತ್ತಾರೆ.

ಸಣ್ಣ ಕಂಪ್ರೆಸರ್ ಬೇಕು, ಜೊತೆಗೆ ನೀರು ಹಿಡಿಯುವ ಫಿಲ್ಟರ್. ಗಾಳಿ 10 ಪಿಎಸ್‌ಐ ಆಸುಪಾಸಿದ್ದರೆ ಸಾಕು, ಆದರೆ ಒಣಗಿರಬೇಕು. ಆಷಾಢದ ಮಳೆಗಾಲದಲ್ಲಿ ಫಿಲ್ಟರ್ ಇಲ್ಲದೆ ಮಾಡಲು ಹೋಗಿ ಗನ್ನಿನೊಳಗೆ ಪುಡಿ ಉಂಡೆ ಕಟ್ಟಿತು. ಪುಡಿಯ ಡಬ್ಬಿಯೊಳಗೂ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಗಿಯಾಗಿ ಮುಚ್ಚಿ, ತಂಪಾದ ಜಾಗದಲ್ಲಿಡಿ. ಉಂಡೆ ಕಂಡರೆ ಹಳೇ ನೈಲಾನ್ ಸೀರೆಯ ತುಂಡಿನಲ್ಲಿ ವಸ್ತ್ರಗಾಳಿತ ಮಾಡಿಕೊಳ್ಳಿ.

ಪುಡಿಯಲ್ಲಿ ಎರಡು ಮುಖ್ಯ ಜಾತಿ. ಎಪಾಕ್ಸಿ ಗಟ್ಟಿ, ಆದರೆ ಬಿಸಿಲಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಪುಡಿಪುಡಿಯಾಗುತ್ತದೆ. ಹೊರಗೆ ನಿಲ್ಲುವ ಗಾಡಿಗೆ, ಗೇಟಿಗೆ ಪಾಲಿಯೆಸ್ಟರ್ ಪುಡಿ ತೆಗೆದುಕೊಳ್ಳಿ. ಬಣ್ಣವನ್ನು ಆರ್‌ಎಎಲ್ ಎಂಬ ಬಣ್ಣಪಟ್ಟಿಯ ಸಂಖ್ಯೆಯಲ್ಲಿ ಕೇಳಿದರೆ ಗೊಂದಲವಿಲ್ಲ. ನನ್ನದು ಆರ್‌ಎಎಲ್ 9005, ಅಚ್ಚ ಕಪ್ಪು. ಒಂದು ಕಿಲೋ ಪ್ಯಾಕೆಟ್ ತಂದೆ, ಇನ್ನೂ ಮುಗಿದಿಲ್ಲ.

ಓವನ್ ವಿದ್ಯುತ್ತಿನದೇ ಆಗಿರಬೇಕು. ಗ್ಯಾಸಿನ ಒಲೆ, ಉರಿ ಕಾಣುವ ಯಾವುದೂ ಬೇಡ. ಗಾಳಿಯಲ್ಲಿ ತೇಲುವ ಈ ಪುಡಿ ಮೈದಾ ಹಿಟ್ಟಿನ ಹಾಗೆ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ನಮ್ಮ ಬಚ್ಚಲಿನಲ್ಲಿ ಹಂಡೆಯ ಒಲೆ ಇನ್ನೂ ಇದೆ. ಅದಕ್ಕೆ ಬೆಂಕಿ ಹಾಕಿ ಎಷ್ಟೋ ವರ್ಷವಾದರೂ ಮೊದಲ ದಿನವೇ ಬಾಯಿಗೆ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟೆ. ಪುಡಿ ಊದುವುದು ಹೊರಗಡೆ ಹಿತ್ತಲಲ್ಲಿ, ಬೇಯಿಸುವುದು ಮಾತ್ರ ಒಳಗೆ, ಕಿಟಕಿ ಬಾಗಿಲು ತೆರೆದು. ಓಟಿಜಿಗೆ 16 ಆಂಪಿಯರ್ ಪ್ಲಗ್ಗೇ ಬೇಕು. ಒಮ್ಮೆ ಈ ಕೆಲಸಕ್ಕೆ ಬಳಸಿದ ಓವನ್ನಿನಲ್ಲಿ ಮತ್ತೆಂದೂ ಊಟ ತಿಂಡಿ ಮಾಡಬಾರದು.

ಮೂಗಿಗೆ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಪುಡಿ ಬಿದ್ದ ನೆಲವನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಡಿ, ಅದರ ಮೋಟರಿನೊಳಗೆ ಕಿಡಿ ಹಾರುತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬುಡದ ಕೆಲಸ

ಹತ್ತು ಪಾಲಿನಲ್ಲಿ ಎಂಟು ಪಾಲು ಕೆಲಸ ಇಲ್ಲೇ. ಪುಡಿ ಊದಲು ನನಗೆ ಮೂರು ನಿಮಿಷ ಸಾಕು. ಚೈನ್ ಕವರಿನಿಂದ ಹಳೇ ಬಣ್ಣ ಕೀಳಲು ಎರಡು ಭಾನುವಾರ ಹಿಡಿದವು.

ಮೊದಲು ಜಿಡ್ಡು. ಡೀಸೆಲ್ಲಿನಲ್ಲಿ ಹಳೇ ಬ್ರಷ್ ಅದ್ದಿ ಗ್ರೀಸನ್ನೆಲ್ಲ ಕೆರೆದು ತೆಗೆಯಿರಿ, ಆಮೇಲೆ ಬಿಸಿನೀರು ಸೋಪಿನ ಪುಡಿಯಲ್ಲಿ ಎರಡು ಸಲ ತೊಳೆಯಿರಿ. ಈ ಕ್ರಮ ತಪ್ಪಿಸಬೇಡಿ. ಜಿಡ್ಡಿರುವಾಗಲೇ ಉಜ್ಜಲು ಶುರು ಮಾಡಿದರೆ ಎಣ್ಣೆ ಗೀರುಗಳೊಳಗೆ ಇಳಿದು ಕೂರುತ್ತದೆ. ಹಳೇ ಬಣ್ಣಕ್ಕೆ ಪೇಂಟ್ ರಿಮೂವರ್ ಬಳಿದು ಬಿಡಿ. ಬಯಲಲ್ಲೇ ಮಾಡಿ, ಅದರ ಆವಿ ಕೆಟ್ಟದ್ದು, ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಬಣ್ಣ ಮಳೆಗಾಲದ ಗೋಡೆಯ ಹಾಗೆ ಉಬ್ಬಿ ಏಳುತ್ತದೆ, ಕೆರೆದು ಹಾಕಿ. ಉಳಿದ ತುಕ್ಕಿಗೆ ಗ್ರೈಂಡರಿನ ವೈರ್ ಬ್ರಷ್. ಕನ್ನಡಕ ಹಾಕದೆ ಇದನ್ನು ಮುಟ್ಟಬೇಡಿ. ಬ್ರಷ್ಷಿನ ತಂತಿಗಳು ಸೂಜಿಯ ಹಾಗೆ ಹಾರುತ್ತವೆ, ನನ್ನ ಹತ್ತಿ ಸೀರೆಯ ಸೆರಗಿನಲ್ಲಿ ನಾಲ್ಕು ಚುಚ್ಚಿಕೊಂಡಿದ್ದವು. ಅಂದಿನಿಂದ ಈ ಕೆಲಸಕ್ಕೆ ಚೂಡಿದಾರ, ದುಪ್ಪಟ್ಟಾ ಇಲ್ಲದೆ. ಕೊನೆಗೆ 80, ಆಮೇಲೆ 120ರ ಎಮರಿ ಪೇಪರಿನಲ್ಲಿ ಉಜ್ಜಿ. ಹೊಳಪು ಬರಿಸಬೇಡಿ. ಕನ್ನಡಿಯಂಥ ಲೋಹಕ್ಕೆ ಬಣ್ಣ ಹಿಡಿಯುವುದಿಲ್ಲ, ಅದಕ್ಕೆ ಹಲ್ಲು ಬೇಕು. ಸೈಡ್ ಸ್ಟ್ಯಾಂಡಿನ ಸಂದುಗಳಲ್ಲಿ ತುಕ್ಕು ಆಳಕ್ಕಿಳಿದಿತ್ತು, ಅದೊಂದನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ (ಮರಳಿನಂಥ ಕಣ ರಭಸವಾಗಿ ಊದಿ ತುಕ್ಕು ಕೀಳುವುದು) ಕೊಟ್ಟು ತಂದೆ. ಬ್ಲಾಸ್ಟಿಂಗ್ ಸುಲಭಕ್ಕೆ ಸಿಗುವ ಊರಿನಲ್ಲಿದ್ದರೆ ಎಲ್ಲವನ್ನೂ ಕೊಟ್ಟುಬಿಡಿ, ಭುಜ ಉಳಿಯುತ್ತದೆ.

ದೊಡ್ಡ ಅಂಗಡಿಗಳಲ್ಲಿ ಇದಕ್ಕೆ ‘ಸೆವೆನ್ ಟ್ಯಾಂಕ್’ ಅನ್ನುತ್ತಾರೆ: ಜಿಡ್ಡು ತೆಗೆಯುವುದು, ತುಕ್ಕು ತೆಗೆಯುವುದು, ಫಾಸ್ಫೇಟ್ ಪದರ ಕೂರಿಸುವುದು, ನಡುನಡುವೆ ನೀರಿನಲ್ಲಿ ತೊಳೆಯುವುದು, ಹೀಗೆ ಏಳು ತೊಟ್ಟಿ. ಮನೆಯಲ್ಲಿ ಏಳು ತೊಟ್ಟಿ ಎಲ್ಲಿಂದ ಬರಬೇಕು? ನನ್ನ ಬಳಿ ಇರುವುದು ಎರಡು ಬಕೆಟ್ಟು ಮತ್ತು ಫಾಸ್ಫಾರಿಕ್ ಆಮ್ಲವಿರುವ ತುಕ್ಕು ತೆಗೆಯುವ ದ್ರವ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಇಟ್ಟು, ಚೆನ್ನಾಗಿ ತೊಳೆದು, ತಕ್ಷಣ ಒಣಗಿಸುತ್ತೇನೆ. ತಕ್ಷಣ ಅಂದರೆ ತಕ್ಷಣ. ಬರಿಯ ಕಬ್ಬಿಣ ಒದ್ದೆಯಿದ್ದರೆ ಕಾಫಿ ಕುಡಿದು ಬರುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ.

ಜಿಡ್ಡು ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ತೊಳೆಯುವಾಗಲೇ ಒಂದು ಚೊಂಬು ನೀರು ಸುರಿದು ನೋಡಿ. ನೀರು ಹಾಳೆಯ ಹಾಗೆ ಒಂದೇ ಪದರವಾಗಿ ನಿಂತರೆ ಶುದ್ಧ. ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಜಾರಿದರೆ ಎಣ್ಣೆ ಇನ್ನೂ ಇದೆ, ಮತ್ತೆ ಸೋಪಿಗೆ ಹೋಗಿ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಗುರುತು ಬಣ್ಣದಡಿಯಲ್ಲಿ ಕುಳಿಯಾಗಿ ಕಾಣುತ್ತದೆ. ಕೊನೆಯದಾಗಿ ನೂಲು ಬಿಡದ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ, ಅದು ಪೂರ್ತಿ ಆರುವವರೆಗೆ ಗನ್ನು ಆನ್ ಮಾಡಬೇಡಿ, ಥಿನ್ನರಿನ ಡಬ್ಬಿಯನ್ನೂ ದೂರ ಇಡಿ.

ಪುಡಿ ಹಾಕುವ ಮುನ್ನವೇ ಒಮ್ಮೆ ಖಾಲಿ ಬೇಯಿಸಿ. ಇದನ್ನು ನಾನು ಕಲಿತದ್ದು ಕ್ಲಚ್ ಲಿವರ್ ಕೂರುವ ಅಲ್ಯೂಮಿನಿಯಂ ಬ್ರಾಕೆಟ್ಟಿನಿಂದ. ಎರಕದ ಅಲ್ಯೂಮಿನಿಯಂ ಒಳಗೆಲ್ಲ ಸಣ್ಣ ರಂಧ್ರ, ಅದರಲ್ಲಿ ಮೂವತ್ತು ವರ್ಷದ ಎಣ್ಣೆ. ಬಣ್ಣ ಕರಗುವ ಹೊತ್ತಿಗೆ ಆ ಎಣ್ಣೆ, ಗಾಳಿ ಹೊರಬಂದು ದೋಸೆಯ ಹಾಗೆ ತೂತುಬಿತ್ತು. ಎಲ್ಲ ಕಿತ್ತು, ಮತ್ತೆ ತೊಳೆದು, ಬಣ್ಣ ಬೇಯುವ ಬಿಸಿಗಿಂತ ತುಸು ಹೆಚ್ಚಿನಲ್ಲಿ ಒಂದು ಗಂಟೆ ಖಾಲಿ ಇಟ್ಟೆ. ಹೊಗೆಯಾಡಿತು. ತಣಿದ ಮೇಲೆ ಒರೆಸಿ ಪುಡಿ ಹಾಕಿದೆ, ತೂತು ಬೀಳಲಿಲ್ಲ. ಜಿಐ, ಅಂದರೆ ಸತುವಿನ ಲೇಪ ಇರುವ ತಗಡಿಗೂ ಇದೇ ಕಾಯಿಲೆ.

ಖಾಲಿ ಬೇಯಿಸಿದಾಗಲೇ ಚೈನ್ ಕವರಿನ ಹಳೇ ಗುಟ್ಟೂ ಹೊರಬಿತ್ತು. ಎಂದೋ ಯಾರೋ ತಗ್ಗಿಗೆ ಪುಟ್ಟಿ ಮೆತ್ತಿ ನುಣ್ಣಗೆ ಮಾಡಿದ್ದರು. ಬಿಸಿಗೆ ಅದು ಬಿರಿದು, ನಾತ ಹೊಡೆದು, ಹೆಕ್ಕಳೆಯಾಗಿ ಎದ್ದು ಬಂತು. ಮಾಮೂಲು ಪುಟ್ಟಿ ಈ ಬಿಸಿ ತಡೆಯುವುದಿಲ್ಲ. ಟಿಂಕರಿಂಗ್ ಮಾಡುವವರ ಹತ್ತಿರ ಹೋಗಿ ತಗ್ಗನ್ನೇ ತಟ್ಟಿಸಿ ಸರಿಮಾಡಿಸಿದೆ.

ಒಲೆಗೆ ಹೋಗಬಾರದ ವಸ್ತುಗಳೂ ಇವೆ. ರಬ್ಬರ್ ಬುಷ್, ಬೇರಿಂಗ್, ಸ್ಪ್ರಿಂಗ್, ಬೆಸುಗೆ ಸೀಸ ಹಾಕಿದ ಭಾಗ (ಸೀಸ ತವರದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ), ಬ್ರೇಕಿಗೆ ಸಂಬಂಧಿಸಿದ್ದು. ಪೆಟ್ರೋಲ್ ಟ್ಯಾಂಕನ್ನಂತೂ ಮನೆಯ ಓವನ್ನಿನ ಹತ್ತಿರ ತರಲೇಬೇಡಿ. ಖಾಲಿ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ.

ನಟ್ಟು ಬೋಲ್ಟು ಕೂರುವ ಥ್ರೆಡ್ಡುಗಳಿಗೆ ಹಳೇ ಬೋಲ್ಟು ತಿರುಗಿಸಿಬಿಡಿ, ಬಣ್ಣ ಬೇಡದ ಜಾಗಕ್ಕೆ ಬಿಸಿ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪು ಹಚ್ಚಿ. ಸ್ಟೇಷನರಿ ಅಂಗಡಿಯ ಕಾಗದದ ಟೇಪು ಒಲೆಯಲ್ಲಿ ಕರಕಲಾಗುತ್ತದೆ. ಬಣ್ಣದ ದಪ್ಪ 60ರಿಂದ 80 ಮೈಕ್ರಾನ್. ಕೂದಲೆಳೆಯಷ್ಟೇ ಆದರೂ ಪಿನ್ನು ಕೂರುವ ತೂತಿನ ಎರಡೂ ಕಡೆ ಸೇರಿದರೆ ಪಿನ್ನು ಒಳಗೆ ಹೋಗುವುದಿಲ್ಲ.

ಊದುವುದು

ಮೊದಲ ದಿನದ ಮರ್ಯಾದೆ ಕಥೆ ಇಲ್ಲಿದೆ. ಹಿತ್ತಲಲ್ಲಿ ಫ್ರಿಜ್ಜಿನ ದೊಡ್ಡ ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿ, ಅದರೊಳಗೆ ಕಬ್ಬಿಣದ ಸರಳಿಗೆ ನಂಬರ್ ಪ್ಲೇಟು ನೇತುಹಾಕಿ, ಗನ್ನು ಒತ್ತಿದೆ. ಮಂಜಿನ ಹಾಗೆ ಪುಡಿ ಹೊರಟು ತಗಡಿನ ಮೇಲೆ ತೆಳ್ಳಗೆ ಕೂತಂತೆ ಮಾಡಿ ಕೆಳಗೆ ಉದುರಿತು. ಮತ್ತೆ ಒತ್ತಿದೆ, ಮತ್ತೆ ಉದುರಿತು. ವೋಲ್ಟ್ ಬರುತ್ತಿಲ್ಲ ಎಂದು ಗನ್ನನ್ನು ಬೈದೆ. ಜಗಲಿಯಿಂದ ಅಪ್ಪ, ‘ಅರ್ತ್ ನೋಡಿದ್ಯೇನಮ್ಮ?’ ಅಂದರು. ಅರ್ತ್ ಕ್ಲಿಪ್ಪನ್ನು ಸರಳಿಗೆ ಹಾಕಿದ್ದೆ. ನೇತುಹಾಕಿದ ಕೊಕ್ಕೆಯನ್ನು ನೋಡಿರಲಿಲ್ಲ. ಅದು ಹಳೇ ಬಣ್ಣ ಮೆತ್ತಿದ ಕೊಕ್ಕೆ. ವಿದ್ಯುತ್ ಮಂಡಲ ಪೂರ್ಣವಾಗಬೇಕು ಎಂದು ಸಾವಿರಾರು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದವಳು ನಾನು.

ಆದ್ದರಿಂದ: ಪ್ರತಿ ಸಲವೂ ಹೊಸ ಬೈಂಡಿಂಗ್ ವೈರ್ ತೆಗೆದುಕೊಳ್ಳಿ, ತುದಿಯನ್ನು ಎಮರಿಯಲ್ಲಿ ಉಜ್ಜಿ. ಅರ್ತ್ ಕ್ಲಿಪ್ಪಿನಿಂದ ಬಿಡಿಭಾಗದವರೆಗೆ ಮಲ್ಟಿಮೀಟರ್ ಹಿಡಿದು ನೋಡಿ, ಸೊನ್ನೆಯ ಹತ್ತಿರ ತೋರಿಸಬೇಕು. ತಂತಿಯನ್ನು ಕಣ್ಣಿಗೆ ಬೀಳದ ಬೋಲ್ಟಿನ ತೂತಿನಲ್ಲಿ ಸಿಕ್ಕಿಸಿ, ಅದು ತಾಗಿದ ಜಾಗದಲ್ಲಿ ಬಣ್ಣ ಕೂರುವುದಿಲ್ಲ.

ಗನ್ನಿನ ತುದಿಯನ್ನು ಒಂದು ಗೇಣಿನಷ್ಟು ದೂರ ಹಿಡಿಯಿರಿ. ಸಂದುಮೂಲೆಗಳಿಂದ ಶುರು ಮಾಡಿ, ಅಗಲ ಜಾಗ ಆಮೇಲೆ. ಇದಕ್ಕೆ ಕಾರಣ ಫ್ಯಾರಡೆ ಪಂಜರ. ವಿದ್ಯುತ್ ಕ್ಷೇತ್ರದ ರೇಖೆಗಳು ಅಂಚು, ಉಬ್ಬುಗಳ ಮೇಲೆ ಮುಗಿಬೀಳುತ್ತವೆ, ಒಳಮೂಲೆಗೆ ಇಳಿಯುವುದೇ ಇಲ್ಲ. ಪುಡಿಯೂ ಅವುಗಳ ಹಿಂದೆಯೇ ಹೋಗುತ್ತದೆ. ಟೂಲ್ ಬಾಕ್ಸಿನ ಮುಚ್ಚಳದ ಅಂಚು ದಪ್ಪಗೆ ಕಪ್ಪಾಗಿ, ಒಳಮೂಲೆ ಬಿಳಿ ಬಿಳಿ ಉಳಿದಿತ್ತು. ಮೂಲೆಗೆ ಹೆಚ್ಚು ಹೊತ್ತು ಊದಿದರೆ ಆಯಿತಲ್ಲ ಅನ್ನಿಸುತ್ತದೆ. ಆಗುವುದಿಲ್ಲ, ಅಂಚಿನಲ್ಲಿ ಮತ್ತಷ್ಟು ತುಂಬುತ್ತದೆ. ವೋಲ್ಟ್ ತಗ್ಗಿಸುವ ಗುಂಡಿ ಇದ್ದರೆ ತಗ್ಗಿಸಿ, ಗಾಳಿಯನ್ನೂ ಕಡಿಮೆ ಮಾಡಿ, ಪುಡಿ ಮೆಲ್ಲಗೆ ತೇಲಿ ಒಳಗಿಳಿಯಲಿ. ಅಷ್ಟಕ್ಕೂ ಬಗ್ಗದ ಮೂಲೆಯಾದರೆ ಭಾಗವನ್ನು ಮೊದಲೇ ಬಿಸಿ ಮಾಡಿಕೊಂಡು ಊದಿದರೆ ಪುಡಿ ತಾಗಿದಲ್ಲೇ ಕರಗಿ ಹಿಡಿಯುತ್ತದೆ. ದಪ್ಪ ಹೆಚ್ಚಾಗದಂತೆ ನೋಡಿಕೊಳ್ಳಬೇಕು.

ಲೋಹ ಎಲ್ಲೂ ಕಾಣದಂತೆ ಮುಚ್ಚಿದ ಕೂಡಲೇ ನಿಲ್ಲಿಸಿ. ಕೂತ ಪುಡಿಗೂ ಆವೇಶವಿದೆ, ಪದರ ದಪ್ಪವಾದಂತೆ ಅದು ಹೊಸ ಪುಡಿಯನ್ನು ದೂಡುತ್ತದೆ. ಅಲ್ಲಲ್ಲಿ ಸಣ್ಣ ನಕ್ಷತ್ರದಂಥ ಗುಳಿಗಳು ಕಂಡರೆ ಅತಿಯಾಯಿತು ಎಂದೇ ಅರ್ಥ. ಬೆಂದಮೇಲೆ ಅದು ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗುತ್ತದೆ. ಬೆಂಕಿಗಿಡುವ ಮುಂಚೆ ಇಷ್ಟವಾಗದಿದ್ದರೆ ಗಾಳಿಯಲ್ಲಿ ಊದಿ ತೆಗೆದು ಮತ್ತೆ ಶುರು ಮಾಡಬಹುದು. ಒದ್ದೆ ಪೇಂಟಿನಲ್ಲಿ ಈ ಸವಲತ್ತಿಲ್ಲ. ಗನ್ ಆರಿಸಿದ ಮೇಲೆ ತುದಿಯನ್ನು ಅರ್ತಿಗೆ ತಾಗಿಸಿ ಆಮೇಲೆ ಮುಟ್ಟಿ.

ತಂತಿ ಹಿಡಿದು ಒಲೆಯವರೆಗೆ ಹೋಗುವ ಹತ್ತು ಹೆಜ್ಜೆಯಲ್ಲಿ ಸೀನಬೇಡಿ, ಬಾಗಿಲ ಚೌಕಟ್ಟಿಗೆ ತಾಗಿಸಬೇಡಿ. ಎರಡೂ ನನಗೆ ಆಗಿದೆ.

ಬೇಯಿಸುವುದು

ಪ್ಯಾಕೆಟ್ಟಿನ ಮೇಲೆ ‘200 ಡಿಗ್ರಿ, 10 ನಿಮಿಷ’ ಎಂದಿರುತ್ತದೆ, ಅಥವಾ 180 ಡಿಗ್ರಿಗೆ ಇನ್ನಷ್ಟು ಹೊತ್ತು. ನಿಮ್ಮ ಪುಡಿಗೆ ಏನಿದೆಯೋ ಅದನ್ನೇ ಹಿಡಿಯಿರಿ. ಆ ಬಿಸಿ ಲೋಹದ್ದು, ಓವನ್ನಿನ ಗುಂಡಿಯದ್ದಲ್ಲ. ಸೈಡ್ ಸ್ಟ್ಯಾಂಡನ್ನು ಗುಂಡಿ ನೋಡಿ ಹತ್ತು ನಿಮಿಷ ಲೆಕ್ಕ ಹಾಕಿ ತೆಗೆದೆ. ಕಣ್ಣಿಗೆ ಮಿರಮಿರ ಮಿಂಚುತ್ತಿತ್ತು. ಅಪ್ಪ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅಡಿಯಲ್ಲಿ ಗೀರಿದರು, ಕಪ್ಪು ಸಿಪ್ಪೆ ಸುಲಿದು ಬಂತು. ತೆಳು ತಗಡಿನ ನಂಬರ್ ಪ್ಲೇಟು ಎಂಟು ನಿಮಿಷಕ್ಕೆ ಕಾದರೆ, ಆ ಸ್ಟ್ಯಾಂಡಿನ ದಪ್ಪ ಕಬ್ಬಿಣ ಕಾಯಲು ಇಪ್ಪತ್ತೈದು ನಿಮಿಷ ಬೇಕಾಗಿತ್ತು. ಎಣಿಕೆ ಶುರುವಾಗಬೇಕಾದದ್ದು ಆಮೇಲೆ. ಒಳ್ಳೆಯ ಸುದ್ದಿ ಏನೆಂದರೆ ಅರೆಬೆಂದದ್ದನ್ನು ಮತ್ತೆ ಒಲೆಗಿಟ್ಟರೆ ಪೂರ್ತಿ ಬೇಯುತ್ತದೆ. ಕರೆಂಟು ನಡುವೆ ಹೋದರೂ ಹಾಗೆಯೇ. ಬಂದ ಮೇಲೆ ಮತ್ತೆ ಕಾಯಿಸಿ, ಸೊನ್ನೆಯಿಂದ ಎಣಿಸಿ.

ಬಿಸಿ ಅಳೆಯಲು ಮಲ್ಟಿಮೀಟರಿಗೆ ಸಿಕ್ಕಿಸುವ ಕೆ-ಟೈಪ್ ಥರ್ಮೋಕಪಲ್ ಸಾಕು. ಅದರ ತುದಿಯನ್ನು ಮರೆಯ ಬೋಲ್ಟಿನಡಿ ಬಿಗಿದು ತಂತಿಯನ್ನು ಬಾಗಿಲ ಸಂದಿನಿಂದ ಹೊರತೆಗೆಯಿರಿ. ದೂರದಿಂದ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಣ್ಣದ ಮೇಲೆ ಸರಿಯಾಗಿ ಹೇಳುತ್ತದೆ, ಹೊಳೆಯುವ ಬರಿಲೋಹದ ಮೇಲೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಓಟಿಜಿಯ ಇನ್ನೊಂದು ತೊಂದರೆ, ಕೆಂಪಗೆ ಕಾದ ಸರಳುಗಳು ನೇರವಾಗಿ ಕಣ್ಣು ಬಿಡುತ್ತವೆ. ಹತ್ತಿರವಿದ್ದ ಮೂಲೆ ಹೆಚ್ಚು ಬೇಯುತ್ತದೆ. ತಿಳಿ ಬಣ್ಣವಾದರೆ ಹಳದಿಗೆ ತಿರುಗುತ್ತದೆ. ಕೆಳಗಿನ ಸರಳಿನ ಮೇಲೆ, ತಾಗದಂತೆ, ಒಂದು ತಗಡಿನ ಟ್ರೇ ಮರೆ ಇಟ್ಟೆ. ಅದರಿಂದ ಉದುರಿದ ಪುಡಿ ಸರಳಿನ ಮೇಲೆ ಬೀಳುವುದೂ ತಪ್ಪಿತು. ಫ್ಯಾನ್ ಇರುವ ಓಟಿಜಿಯಾದರೆ ಪುಡಿ ಕರಗುವವರೆಗೆ ಫ್ಯಾನ್ ಹಾಕಬೇಡಿ.

ಗಾಜಿನಿಂದ ಇಣುಕಿ ನೋಡುವುದೇ ಈ ಕೆಲಸದ ಹಬ್ಬ. ಮೊದಲು ಮಂಕಾಗಿ ಬೂದಿ ಬಳಿದ ಹಾಗಿರುತ್ತದೆ. ಒಂದು ಹೊತ್ತಿನಲ್ಲಿ ಅಂಚಿನಿಂದ ಒದ್ದೆಯಾಗತೊಡಗಿ, ನೋಡನೋಡುತ್ತಿದ್ದಂತೆ ಇಡೀ ಮೈ ಎಣ್ಣೆ ಸ್ನಾನ ಮಾಡಿದಂತೆ ಹೊಳೆಯುತ್ತದೆ. ಎಲ್ಲರೂ ಮೋಸಹೋಗುವುದು ಇಲ್ಲೇ. ಅದು ಕರಗಿದೆ, ಬೆಂದಿಲ್ಲ.

ಆಯಿತು ಅನ್ನಿಸಿದ ಮೇಲೆ ಒಲೆ ಆರಿಸಿ, ಬಾಗಿಲು ತೆರೆದು, ನೇತಾಡುತ್ತಲೇ ತಣಿಯಲು ಬಿಡಿ. ಪೂರ್ತಿ ತಣಿದ ಮೇಲೆ ಕಾಣದ ಬದಿಯಲ್ಲಿ ಥಿನ್ನರ್ ಅದ್ದಿದ ಹತ್ತಿಯಿಂದ ಇಪ್ಪತ್ತು ಸಲ ಉಜ್ಜಿ. ಹತ್ತಿಗೆ ಬಣ್ಣ ಗಾಢವಾಗಿ ಬಂದರೆ, ಅಥವಾ ಬಣ್ಣ ಮೆತ್ತಗಾದರೆ ಇನ್ನೊಂದು ಸುತ್ತು ಒಲೆಗೆ. ಅಪ್ಪನಿಗೆ ಹತ್ತಿಯ ಮೇಲೆ ನಂಬಿಕೆ ಇಲ್ಲ, ಅವರದು ನಾಣ್ಯವೇ.

ಹೀಗೆ ಹದಿನಾಲ್ಕು ಭಾಗಗಳಾದವು. ಫ್ರೇಮು ಓಟಿಜಿಯಲ್ಲಿ ಹಿಡಿಯುವುದಿಲ್ಲವಾದ್ದರಿಂದ ಅದು ಅಂಗಡಿಗೇ ಹೋಯಿತು. ಇಂಜಿನ್ನು ಬಂತು, ಜೋಡಿಸಿದ್ದಾಯಿತು, ಮೂರನೇ ಕಿಕ್ಕಿಗೆ ಗಾಡಿ ಸದ್ದು ಮಾಡಿತು. ಬೀದಿಯವರೆಲ್ಲ ಹೊರಗೆ ಬಂದರು. ಹಿಂದಿನ ಲೈಟು ಮಾತ್ರ ಹತ್ತಲಿಲ್ಲ. ಬಲ್ಬು ಬದಲಿಸಿದೆ, ವೈರು ತಡವಿದೆ, ಫ್ಯೂಸು ನೋಡಿದೆ. ಅಪ್ಪ ಜಗಲಿಯಿಂದ ಎದ್ದು ಬಂದು, ಲೈಟಿನ ಬ್ರಾಕೆಟ್ಟಿನ ಬೋಲ್ಟು ಬಿಚ್ಚಿ, ನಾನು ಅಷ್ಟು ಆಸ್ಥೆಯಿಂದ ಮೂಲೆಮೂಲೆಗೂ ಕೂರಿಸಿದ್ದ ಕಪ್ಪನ್ನು ವಾಷರ್ ಕೂರುವಷ್ಟಗಲ ಚಾಕುವಿನಿಂದ ಕೆರೆದರು. ಕೆಳಗೆ ಬಿಳಿ ಕಬ್ಬಿಣ ಕಂಡಿತು. ಬೋಲ್ಟು ಬಿಗಿದರು, ಲೈಟು ಹತ್ತಿತು.

‘ಇಲ್ಲೂ ಅರ್ತೇ ಕಣಮ್ಮ’ ಅಂದರು.